ಅತ್ಯುತ್ತಮ ಅಥ್ಲೀಟ್‌ಗಳೆಲ್ಲ ಫುಟ್‌ಬಾಲಿಗೇ ಹೋಗ್ತಾರಾ?

ಎಡಗಾಲು

ಪ್ರತಿ ವಿಶ್ವಕಪ್ ಬಂದಾಗಲೂ ಈ ಜಗಳ ಹುಟ್ಟುತ್ತೆ, ಫೈನಲ್ ಮುಗಿದ ಮೇಲೆ ತಣ್ಣಗಾಗುತ್ತೆ. ಈಗ ನಿಧಾನವಾಗಿ ಮಾತಾಡೋಣ. ನನ್ನ ವಾದ ಇಷ್ಟು: ಜಗತ್ತಿನ ಅತಿ ಒಳ್ಳೆಯ ಅಥ್ಲೀಟ್‌ಗಳಲ್ಲಿ ದೊಡ್ಡ ಪಾಲು ಫುಟ್‌ಬಾಲಿಗೇ ಹೋಗುತ್ತೆ, ಬೇರೆ ಆಟಗಳಿಗೆ ಸಿಗೋದು ಉಳಿದವರು.

ಸಂಖ್ಯೆಯೇ ಸಾಕ್ಷಿ. 2006ರಲ್ಲಿ ಫಿಫಾ ಮಾಡಿಸಿದ ಎಣಿಕೆಯಲ್ಲಿ ಫುಟ್‌ಬಾಲ್ ಆಡುವವರು ಸುಮಾರು 26.5 ಕೋಟಿ ಅಂತ ಬಂತು. ಫಿಫಾಕ್ಕೆ 211 ಸದಸ್ಯ ಸಂಘಗಳಿವೆ. ಒಂದು ಚೆಂಡು, ಒಂದಿಷ್ಟು ಬಯಲು ಇದ್ರೆ ಆಟ ಶುರು. ಸ್ಕೀಯಿಂಗಿಗೆ ಹಿಮ ಬೇಕು, ಐಸ್ ಹಾಕಿಗೆ ರಿಂಕ್ ಬೇಕು, ಈಜಿಗೆ ಕೊಳ ಬೇಕು, ಕುದುರೆ ಸವಾರಿಗೆ ಅಪ್ಪನ ಹತ್ರ ದುಡ್ಡು ಬೇಕು. ಹಾಗಾಗಿ ಚುರುಕಾಗಿ ಓಡುವ ಮಗು ಎಲ್ಲೇ ಹುಟ್ಟಲಿ, ಅದರ ಕಾಲಿಗೆ ಮೊದಲು ಸಿಗೋದು ಫುಟ್‌ಬಾಲ್.

ಆಟವನ್ನೂ ನೋಡಿ. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 10ರಿಂದ 12 ಕಿ.ಮೀ. ಓಡ್ತಾನೆ. ಮಿಕಿ ಫಾನ್ ಡೆ ಫೆನ್ 2024ರ ಜನವರಿಯಲ್ಲಿ ಪ್ರೀಮಿಯರ್ ಲೀಗ್ ಪಂದ್ಯವೊಂದರಲ್ಲಿ ಗಂಟೆಗೆ 37.38 ಕಿ.ಮೀ. ವೇಗ ಮುಟ್ಟಿದ. ಅವನು ಅಂಚಿನಲ್ಲಿ ಓಡುವ ವಿಂಗರ್ ಅಲ್ಲ, ಹಿಂದೆ ನಿಂತು ತಡೆಯುವ ಸೆಂಟರ್ ಬ್ಯಾಕ್! ಓಟ, ನೆಗೆತ, ತಿರುವು, ಡಿಕ್ಕಿ ಎಲ್ಲವೂ 90 ನಿಮಿಷ. ಇಷ್ಟು ಬಗೆಯ ಕೆಲಸ ಒಂದೇ ದೇಹದಿಂದ ಕೇಳುವ ಆಟ ಯಾವುದಿದೆ ಹೇಳಿ.

ಮೂರನೇ ಸ್ಲಿಪ್

ಹೆಚ್ಚು ಜನ ಆಡ್ತಾರೆ ಅನ್ನೋದು ಒಂದು ಮಾತು. ಅತ್ಯುತ್ತಮ ದೇಹಗಳು ಅಲ್ಲೇ ನಿಲ್ತವೆ ಅನ್ನೋದು ಬೇರೆಯೇ ಮಾತು. ನೀವು ಒಂದನೇದನ್ನು ಹೇಳಿ ಎರಡನೇದಕ್ಕೂ ರಸೀದಿ ಹರೀತಾ ಇದ್ದೀರಿ.

ಜಮೈಕಾ ತಗೊಳ್ಳಿ. ಜನಸಂಖ್ಯೆ ಮೂವತ್ತು ಲಕ್ಷವೂ ಇಲ್ಲ, ಆದರೆ ವೇಗದ ಓಟದಲ್ಲಿ ಅವರಷ್ಟು ಫಸಲು ತೆಗೆದವರು ಕಡಿಮೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿದ್ದು ಇನ್ನೂ ದಾಖಲೆ. ಅವರ ಪುರುಷರ ಫುಟ್‌ಬಾಲ್ ತಂಡ 1998ರಲ್ಲಿ ಒಮ್ಮೆ ವಿಶ್ವಕಪ್ ಆಡಿ, ಜಪಾನನ್ನು ಸೋಲಿಸಿ, ಮನೆಗೆ ಬಂತು. ಕೀನ್ಯಾ? ಕಿಪ್‌ಚೋಗೆ, ಕಿಪ್ಟಮ್ ಥರದ ಮ್ಯಾರಥಾನಿಗರನ್ನು ಕೊಟ್ಟ ದೇಶ. ಫುಟ್‌ಬಾಲ್ ವಿಶ್ವಕಪ್ಪಿಗೆ ಒಮ್ಮೆಯೂ ಅರ್ಹತೆ ಪಡೆದಿಲ್ಲ. ಚೀನಾ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 40 ಚಿನ್ನ ಗೆದ್ದಿತು. ಅವರ ಪುರುಷರ ತಂಡ ವಿಶ್ವಕಪ್ ಕಂಡಿದ್ದು 2002ರಲ್ಲಿ, ಮೂರೂ ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ.

ಆ ಕಡೆ ಉರುಗ್ವೆ ನೋಡಿ. ಮೂವತ್ತೈದು ಲಕ್ಷ ಜನ, ಎರಡು ವಿಶ್ವಕಪ್. ಅಥ್ಲೀಟ್‌ಗಳ ದೇಶವೇ ಫುಟ್‌ಬಾಲ್ ದೇಶ ಆಗಬೇಕಿದ್ದರೆ ಈ ಪಟ್ಟಿ ತಲೆಕೆಳಗಾಗಬೇಕಿತ್ತು.

ಎಡಗಾಲು

ಸ್ಲಿಪ್ ಅವರೇ, ಅದು ಅಥ್ಲೀಟ್‌ಗಳ ಕೊರತೆ ಅಲ್ಲ, ಲೀಗು-ಕೋಚು-ಅಕಾಡೆಮಿಗಳ ಕೊರತೆ. ಕೀನ್ಯಾದ ಹುಡುಗರಿಗೆ ಉರುಗ್ವೆಯ ಕ್ಲಬ್ ವ್ಯವಸ್ಥೆ ಕೊಟ್ಟು ನೋಡಿ, ಆಮೇಲೆ ಹೇಳಿ.

ಅಷ್ಟಕ್ಕೂ ಬೋಲ್ಟ್‌ಗೇ ಫುಟ್‌ಬಾಲ್ ಆಡುವ ಹುಚ್ಚಿತ್ತಲ್ಲ? ಟ್ರ್ಯಾಕ್ ಬಿಟ್ಟ ಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಪ್ರಯತ್ನಪಟ್ಟ. ಆಟದ ಸೆಳೆತ ಅಂದ್ರೆ ಅದೇ.

ಹರ್ಡಲ್ಸ್

ಬೋಲ್ಟ್ ಹೆಸರು ಬಂದದ್ದು ಒಳ್ಳೆಯದಾಯಿತು. ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಓಟ ಹೇಳಿಕೊಡುತ್ತಿರುವವಳಾಗಿ ಆ ಕಥೆ ನನಗೆ ಬಹಳ ಇಷ್ಟ.

2018ರಲ್ಲಿ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಕ್ಲಬ್ ಅವನಿಗೆ ಅವಕಾಶ ಕೊಟ್ಟಿತು. ಒಂದು ಸ್ನೇಹ ಪಂದ್ಯದಲ್ಲಿ ಎರಡು ಗೋಲೂ ಹೊಡೆದ. ಆದರೂ ಒಪ್ಪಂದ ಕುದುರಲಿಲ್ಲ. ವಯಸ್ಸು 32 ಆಗಿತ್ತು ಅನ್ನೋದು ನಿಜ, ಆದರೆ ಅದಷ್ಟೇ ಕಾರಣ ಅಲ್ಲ. ಬೋಲ್ಟ್ ಬರ್ಲಿನ್‌ನಲ್ಲಿ ಗಂಟೆಗೆ 44.72 ಕಿ.ಮೀ. ಮುಟ್ಟಿದ್ದು 60ರಿಂದ 80 ಮೀಟರ್ ನಡುವೆ. ಫುಟ್‌ಬಾಲಿನಲ್ಲಿ ಸ್ಪ್ರಿಂಟ್ ಅಂತ ಲೆಕ್ಕಕ್ಕೆ ಬರುವ ಓಟಗಳಲ್ಲಿ ಬಹುಪಾಲು 20 ಮೀಟರ್ ಒಳಗೇ ಮುಗಿಯುತ್ತವೆ. ಅವನ ಎಂಜಿನ್ ಪೂರ್ತಿ ಬಿಸಿಯಾಗುವ ಹೊತ್ತಿಗೆ ಚೆಂಡು ಸೈಡ್‌ಲೈನ್ ದಾಟಿ ಹೋಗಿರುತ್ತೆ. ಸ್ಟಾರ್ಟಿಂಗ್ ಬ್ಲಾಕ್ ಇಲ್ಲ, ಗೆರೆ ಇಲ್ಲ, ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಇರುವಾಗ ತಟ್ಟನೆ ಮುಂದಕ್ಕೆ ತಿರುಗಬೇಕು. 1.95 ಮೀಟರ್ ಎತ್ತರದವನಿಗೆ ಆ ತಿರುವೇ ಕಷ್ಟ.

ಉಸಿರಿನ ಲೆಕ್ಕಕ್ಕೆ ಬನ್ನಿ. ದೇಹ ಒಂದು ನಿಮಿಷಕ್ಕೆ, ಒಂದು ಕಿಲೋ ತೂಕಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಅಂತ ಪ್ರಯೋಗಾಲಯದಲ್ಲಿ ಅಳೀತಾರೆ. ಒಳ್ಳೆಯ ಫುಟ್‌ಬಾಲಿಗರದು ಸಾಮಾನ್ಯವಾಗಿ 55ರಿಂದ 65ರ ಆಸುಪಾಸು. ಕ್ರಾಸ್-ಕಂಟ್ರಿ ಸ್ಕೀಯಿಂಗ್, ರಸ್ತೆ ಸೈಕ್ಲಿಂಗ್‌ನ ಮೇಲ್ಪಂಕ್ತಿಯವರು 80 ದಾಟ್ತಾರೆ. ಶಕ್ತಿ ಬೇಕಾದರೆ ವೇಟ್‌ಲಿಫ್ಟರ್ ಇದ್ದಾನೆ. ದೇಹದ ಹತೋಟಿ ಬೇಕಾದರೆ ಜಿಮ್ನಾಸ್ಟ್. ಫುಟ್‌ಬಾಲಿಗನಿಗೆ ಎಲ್ಲ ಅಳತೆಯಲ್ಲೂ ಒಳ್ಳೆಯ ಅಂಕ ಬರುತ್ತೆ, ಯಾವ ಅಳತೆಯಲ್ಲೂ ಮೊದಲ ಸ್ಥಾನ ಇಲ್ಲ. "ಎಲ್ಲ ಬಗೆಯ ಕೆಲಸ ಒಂದೇ ದೇಹದಿಂದ" ಅನ್ನೋದೇ ಮಾನದಂಡ ಆದರೆ ಡೆಕಾಥ್ಲಾನ್‌ನವರು ನಿಮ್ಮ ಮುಂದೆ ನಿಂತಿದ್ದಾರೆ, ಎರಡು ದಿನದಲ್ಲಿ ಹತ್ತು ಸ್ಪರ್ಧೆ.

ಬೆಂಚ್ ಆಟಗಾರ

ಮರಡೋನಾ 165 ಸೆಂ.ಮೀ. ಮೆಸ್ಸಿ 170, ಅದೂ ಚಿಕ್ಕಂದಿನಲ್ಲಿ ಬೆಳವಣಿಗೆಯ ಹಾರ್ಮೋನ್ ಚಿಕಿತ್ಸೆ ತಗೊಂಡ ಮೇಲೆ. ಮೋಡ್ರಿಚ್ 172, ನೋಡಿದರೆ ಗಾಳಿಗೆ ಹಾರಿಹೋಗ್ತಾನೇನೋ ಅನ್ಸುತ್ತೆ. ಈ ಮೂವರನ್ನು ಯಾವುದೇ ಆಟದ ದೈಹಿಕ ಪರೀಕ್ಷೆಗೆ ಕಳಿಸಿ, ಗೇಟಿನಲ್ಲೇ ವಾಪಸ್. ಆದರೆ ಚೆಂಡು ಕೊಟ್ಟು ನೋಡಿ.

ರೀಬೌಂಡ್

ಅಮೆರಿಕನ್ ಅಭಿಮಾನಿಗಳ ಮಾಮೂಲಿ ಮಾತು ಯಾರೂ ಇನ್ನೂ ಎತ್ತಿಲ್ಲ, ಆಶ್ಚರ್ಯ. "ಲೆಬ್ರಾನ್ ಜೇಮ್ಸ್ ಫುಟ್‌ಬಾಲ್ ಆಡಿದ್ದರೆ ನಾವು ವಿಶ್ವಕಪ್ ಗೆಲ್ತಿದ್ವಿ." 2017ರ ಅಕ್ಟೋಬರ್‌ನಲ್ಲಿ ಟ್ರಿನಿಡಾಡ್ ಮತ್ತು ಟೊಬಾಗೊ ಎದುರು 2-1ರಲ್ಲಿ ಸೋತು ರಷ್ಯಾ ವಿಶ್ವಕಪ್ ತಪ್ಪಿಸಿಕೊಂಡಾಗ ಈ ಮಾತು ಎಲ್ಲಿ ನೋಡಿದರಲ್ಲಿ ಕೇಳ್ತಿತ್ತು. ನಾನು ಬ್ಯಾಸ್ಕೆಟ್‌ಬಾಲ್ ಹುಚ್ಚ, ಆದರೂ ಹೇಳ್ತೀನಿ, ಅದು ಪೊಳ್ಳು ವಾದ. ಲೆಬ್ರಾನ್‌ನ 206 ಸೆಂ.ಮೀ. ಎತ್ತರ, 113 ಕೆ.ಜಿ. ತೂಕದ ದೇಹ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ವರ. ಫುಟ್‌ಬಾಲ್ ಮೈದಾನದಲ್ಲಿ 90 ನಿಮಿಷ ಹೊತ್ತು ತಿರುಗುವುದಕ್ಕೆ ಅದೇ ಭಾರ.

ಆದರೆ ಎಡಗಾಲು ಗುರುಗಳಿಗೆ ನಾನೊಂದು ಅಂಕ ಕೊಡ್ತೀನಿ. ಮಗುವಿನ ಮೊದಲ ಆಟ ಫುಟ್‌ಬಾಲೇ ಅನ್ನೋದು ಎನ್‌ಬಿಎ ನೋಡಿದರೂ ಗೊತ್ತಾಗುತ್ತೆ. ನೈಜೀರಿಯಾದ ಹಕೀಮ್ ಒಲಾಜುವಾನ್ ಹದಿಹರೆಯದವರೆಗೂ ಫುಟ್‌ಬಾಲ್ ಗೋಲ್‌ಕೀಪರ್, ಹ್ಯಾಂಡ್‌ಬಾಲ್ ಬೇರೆ ಆಡ್ತಿದ್ದ. ಆ ಪಾದಗಳ ನೃತ್ಯ ಎಲ್ಲಿಂದ ಬಂತು ಅಂತ ಕೇಳಿದರೆ ಫುಟ್‌ಬಾಲ್ ಕಡೆಗೇ ಕೈ ತೋರಿಸ್ತಿದ್ದ. ಕ್ಯಾಮೆರೂನಿನ ಜೋಯೆಲ್ ಎಂಬೀಡ್ ಬ್ಯಾಸ್ಕೆಟ್‌ಬಾಲ್ ಹಿಡಿದದ್ದೇ 15ರ ವಯಸ್ಸಿನಲ್ಲಿ, ಅಲ್ಲೀತನಕ ಫುಟ್‌ಬಾಲು, ವಾಲಿಬಾಲು. ಸ್ಟೀವ್ ನ್ಯಾಶ್ ಮನೆತನವೇ ಫುಟ್‌ಬಾಲಿನದು, ತಮ್ಮ ಮಾರ್ಟಿನ್ ಕೆನಡಾ ರಾಷ್ಟ್ರೀಯ ತಂಡದಲ್ಲಿ ಆಡಿದವ.

ಅಂದರೆ ಫುಟ್‌ಬಾಲಿಗೆ ಮೊದಲ ಆಯ್ಕೆ ಸಿಗುತ್ತೆ, ಒಪ್ಪಿದೆ. ಆಮೇಲೆ ಹುಡುಗ ಏಳಡಿ ಬೆಳೆದ, ಫುಟ್‌ಬಾಲ್ ಅವನನ್ನು ಬಿಟ್ಟಿತೋ ಅವನು ಫುಟ್‌ಬಾಲನ್ನು ಬಿಟ್ಟನೋ, ಹೊರಗೆ ಬಂದ. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಜನ, ಒಟ್ಟು 450 ಜಾಗ. ಆ 450 ಜಾಗದಲ್ಲಿರೋ ಎಷ್ಟು ದೇಹಗಳು ಬಾರ್ಸಿಲೋನಾ ಫುಟ್‌ಬಾಲ್ ತಂಡದ ಮಿಡ್‌ಫೀಲ್ಡಿನಲ್ಲಿ ಆಡಬಲ್ಲವು? ಅತ್ತಲಿಂದ ಇತ್ತ ಎಷ್ಟು ಬರಬಲ್ಲವು? ಎರಡು ಕಡೆಗೂ ಸೊನ್ನೆ ಹತ್ತಿರ. ಪೈಪೋಟಿಯೇ ಇಲ್ಲದ ಕಡೆ ಯಾರು ಯಾರ ಅಥ್ಲೀಟನ್ನು ಕದ್ದರು ಅಂತ ಹೇಗೆ ಹೇಳೋದು.

ಪೆಡಲ್

ಇಷ್ಟು ಹೊತ್ತು ಓದ್ತಾ ಕೂತಿದ್ದೆ, ಎರಡು ಹೆಸರು ಹೇಳದೆ ಇರಕ್ಕಾಗ್ತಿಲ್ಲ.

ರೆಮ್ಕೊ ಎವನೆಪೂಲ್. ಬೆಲ್ಜಿಯಂನ ಹುಡುಗ. ಆ್ಯಂಡರ್ಲೆಕ್ಟ್, ಪಿಎಸ್‌ವಿ ಫುಟ್‌ಬಾಲ್ ಅಕಾಡೆಮಿಗಳಲ್ಲಿ ಬೆಳೆದವ, ಕಿರಿಯರ ರಾಷ್ಟ್ರೀಯ ತಂಡದಲ್ಲೂ ಆಡಿದ್ದ. 2017ರಲ್ಲಿ, ಇನ್ನೂ 17 ವರ್ಷ, ಫುಟ್‌ಬಾಲ್ ಸಾಕು ಅಂತ ಸೈಕಲ್ ಹತ್ತಿದ. ಮರುವರ್ಷವೇ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರಸ್ತೆ ಸ್ಪರ್ಧೆ, ಟೈಮ್ ಟ್ರಯಲ್ ಎರಡೂ ಅವನದೇ. 2022ರಲ್ಲಿ ಹಿರಿಯರ ವಿಶ್ವ ಚಾಂಪಿಯನ್. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ. ಒಂದೇ ಕೂಟದಲ್ಲಿ ಆ ಎರಡನ್ನೂ ಗೆದ್ದ ಮೊದಲ ಪುರುಷ.

ಆ್ಯಡಮ್ ಜೆಮಿಲಿ. ಚೆಲ್ಸಿಯ ಕಿರಿಯರ ಗುಂಪಿನಲ್ಲಿದ್ದ, ಆಮೇಲೆ ಡ್ಯಾಗನಮ್ ಅಂಡ್ ರೆಡ್‌ಬ್ರಿಜ್, ಅಲ್ಲಿಂದ ಇನ್ನೂ ಕೆಳಗಿನ ಲೀಗಿಗೆ ಸಾಲವಾಗಿ ಕಳಿಸಿದರು. ಓಟಕ್ಕೆ ಗಂಭೀರವಾಗಿ ಇಳಿದ ಸ್ವಲ್ಪ ದಿನದಲ್ಲೇ, 2012ರಲ್ಲಿ, 100 ಮೀಟರ್‌ನಲ್ಲಿ ಕಿರಿಯರ ವಿಶ್ವ ಚಾಂಪಿಯನ್. ಮುಂದೆ 100 ಮೀಟರ್ 10 ಸೆಕೆಂಡಿನೊಳಗೆ, 200 ಮೀಟರ್ 20 ಸೆಕೆಂಡಿನೊಳಗೆ ಓಡಿದ.

ಈಗ ಯೋಚಿಸಿ. ಭೂಮಿಯ ಮೇಲಿನ ಅತ್ಯುತ್ತಮ ಶ್ವಾಸಕೋಶಗಳಲ್ಲಿ ಒಂದು ಫುಟ್‌ಬಾಲ್ ಕೈಗೆ ಸಿಕ್ಕಿತ್ತು. ಅತಿ ವೇಗದ ಕಾಲುಗಳಲ್ಲಿ ಒಂದು ಜೋಡಿ ಸಿಕ್ಕಿತ್ತು. ಫುಟ್‌ಬಾಲ್ ಎರಡನ್ನೂ ಉಳಿಸಿಕೊಳ್ಳಲಿಲ್ಲ. ಜರಡಿಗೆ ಹಾಕಿದ ಕಾಳು ಎಷ್ಟೇ ಇರಲಿ, ಮೇಲೆ ಏನು ಉಳಿಯುತ್ತೆ ಅನ್ನೋದು ತೂತಿನ ಅಳತೆಗೆ ಬಿಟ್ಟದ್ದು. ಫುಟ್‌ಬಾಲಿನ ಜರಡಿಯ ತೂತು ದೇಹದ ಅಳತೆಗೆ ಕೊರೆದದ್ದಲ್ಲ, ಅಷ್ಟೇ.

ಎಡಗಾಲು

ಪೆಡಲ್ ಗುರು, ನೀವು ನನ್ನ ಪರವಾಗಿಯೇ ಸಾಕ್ಷಿ ಹೇಳಿದಿರಿ! ಫುಟ್‌ಬಾಲಿನಲ್ಲಿ ಮೇಲೆ ಬರಲಾಗದ ಹುಡುಗ ಇನ್ನೊಂದು ಆಟಕ್ಕೆ ಹೋಗಿ ಒಲಿಂಪಿಕ್ ಚಿನ್ನ ಗೆಲ್ತಾನೆ ಅಂದರೆ, ಫುಟ್‌ಬಾಲಿನಲ್ಲಿ ಉಳಿದವರ ಮಟ್ಟ ಯಾವುದಿರಬೇಕು?

ಮೂರನೇ ಸ್ಲಿಪ್

ನೋಡೋಕೆ ಚೆಂದದ ತರ್ಕ. ಸಂಗೀತದ ಪರೀಕ್ಷೆಯಲ್ಲಿ ನಪಾಸಾದವನು ಗಣಿತದಲ್ಲಿ ಮೊದಲ ರ‍್ಯಾಂಕ್ ಬಂದ, ಆದ್ದರಿಂದ ಹಾಡುಗಾರರೆಲ್ಲ ಅವನಿಗಿಂತ ದೊಡ್ಡ ಗಣಿತಜ್ಞರು. ಹೀಗಾಯ್ತು.

ಎವನೆಪೂಲ್‌ನ ಜಾಗಕ್ಕೆ ಬಂದ ಹುಡುಗರನ್ನು ಸೈಕಲ್ ಮೇಲೆ ಕೂರಿಸಿ ಬೆಟ್ಟ ಹತ್ತಿಸಿದರೆ ಮೊದಲ ತಿರುವಿನಲ್ಲೇ ಕಾಣೆಯಾಗ್ತಾರೆ.

ಹರ್ಡಲ್ಸ್

ಸ್ಲಿಪ್ ಅವರು ಚುರುಕಾಗಿ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಡಗಾಲು ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಫುಟ್‌ಬಾಲ್ ಕಠಿಣ ಅನ್ನೋದನ್ನ ಯಾರೂ ಅಲ್ಲಗಳೀತಿಲ್ಲ. ಯಾವ ವಿಷಯದಲ್ಲಿ ಕಠಿಣ ಅನ್ನೋದು ಪ್ರಶ್ನೆ.

ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಬಹಳ ವರ್ಷಗಳಿಂದ ಒಂದೇ ಒಂದು ವಿಷಯ ನೋಡ್ತಾ ಬಂದಿದ್ದಾರೆ: ಚೆಂಡು ತನ್ನ ಕಾಲಿಗೆ ಬರುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಆಟಗಾರ ಎಷ್ಟು ಸಲ ತಲೆ ತಿರುಗಿಸಿ ಸುತ್ತ ನೋಡ್ತಾನೆ. ಶಾವಿ, ಲ್ಯಾಂಪಾರ್ಡ್ ಥರದ ಮಿಡ್‌ಫೀಲ್ಡರ್‌ಗಳು ಇದರಲ್ಲಿ ಎದ್ದು ಕಾಣ್ತಾರೆ. ಶಾವಿ ಯಾರನ್ನೂ ಓಡಿ ಸೋಲಿಸಿದವನಲ್ಲ. ಎದುರಾಳಿ ಹತ್ತಿರ ಬರುವ ಮೊದಲೇ ಚೆಂಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಿರ್ತಿದ್ದ. ಈ ಕಣ್ಣು, ಈ ಮೊದಲ ಸ್ಪರ್ಶ, ಇವು ಐದಾರು ವರ್ಷದಿಂದ ದಿನಾ ಚೆಂಡಿನ ಜೊತೆ ಬಿದ್ದೆದ್ದು ಬರುವಂಥವು. ಇಪ್ಪತ್ತರಲ್ಲಿ ಕಲಿಸೋಕಾಗಲ್ಲ.

ಇದಕ್ಕೆ ವಿರುದ್ಧ ತುದಿಯಲ್ಲಿ ರೋಯಿಂಗ್. 2007ರಲ್ಲಿ ಬ್ರಿಟನ್ನಿನಲ್ಲಿ ಎತ್ತರದವರು ಬೇಕು ಅಂತ ಬಹಿರಂಗ ಕರೆ ಕೊಟ್ಟರು. ಹೆಲೆನ್ ಗ್ಲೋವರ್ ಅನ್ನೋ ಯುವತಿ, ಹುಟ್ಟು ಹಾಕಿ ಗೊತ್ತಿಲ್ಲದವಳು, ಆ ಎತ್ತರದ ಗೆರೆ ಮುಟ್ಟೋಕೆ ತುದಿಗಾಲಲ್ಲಿ ನಿಂತಳಂತೆ. 2008ರಲ್ಲಿ ಕಲಿಯೋಕೆ ಶುರು. 2012ರಲ್ಲಿ ಒಲಿಂಪಿಕ್ ಚಿನ್ನ, 2016ರಲ್ಲಿ ಇನ್ನೊಂದು. ಆ ಹೆಣ್ಣುಮಗಳ ಸಾಧನೆಯನ್ನು ಚಿಕ್ಕದು ಮಾಡ್ತಿಲ್ಲ. ರೋಯಿಂಗ್ ಮೊದಲು ದೇಹ ಕೇಳುತ್ತೆ, ಆಮೇಲೆ ಕೌಶಲ ತುಂಬುತ್ತೆ. ಫುಟ್‌ಬಾಲಿನಲ್ಲಿ ಇಪ್ಪತ್ತರಲ್ಲಿ ಮೊದಲ ಸಲ ಚೆಂಡು ಮುಟ್ಟಿ ವಿಶ್ವಕಪ್ ಆಡಿದವರ ಹೆಸರು ಯಾರಾದರೂ ಹೇಳಿ ನೋಡೋಣ.

ಬೆಂಚ್ ಆಟಗಾರ

ಆಡಾಮಾ ಟ್ರಾವೊರೆ ಹೆಸರು ಹೇಳಿ ಓಡಿಹೋಗ್ತೀನಿ. ಕುಸ್ತಿಪಟುವಿನ ತೋಳು, ಸ್ಪ್ರಿಂಟರ್‌ನ ಕಾಲು, ಬಾರ್ಸಿಲೋನಾ ಅಕಾಡೆಮಿಯ ಪಾಠ. ಗೋಲುಗಳ ಲೆಕ್ಕ ಮಾತ್ರ ಬೆರಳಲ್ಲೇ ಮುಗಿದುಹೋಗುವ ಸೀಸನ್‌ಗಳೇ ಜಾಸ್ತಿ.

ರೀಬೌಂಡ್

ಇದೇ ಮಾತು ತಿರುಗಿಸಿದರೂ ನಿಲ್ಲುತ್ತೆ. ಅಮೆರಿಕನ್ ಫುಟ್‌ಬಾಲಿನ ಡಿಕೆ ಮೆಟ್‌ಕಾಫ್, ನೂರು ಕಿಲೋ ಮೀರಿದ ದೇಹ, 2021ರಲ್ಲಿ ನಿಜವಾದ ಸ್ಪ್ರಿಂಟರ್‌ಗಳ ಜೊತೆ 100 ಮೀಟರ್ ಓಡಿ 10.37 ಸೆಕೆಂಡು ತಗೊಂಡ. ಅವನ ಹೀಟ್‌ನಲ್ಲಿ ಕೊನೆಯ ಸ್ಥಾನ. ಆ ತೂಕಕ್ಕೆ ಆ ಓಟ ಅದ್ಭುತ, ಆದರೂ ಕೊನೆ. ಮೈಕೆಲ್ ಜೋರ್ಡನ್ 1994ರಲ್ಲಿ ಬೇಸ್‌ಬಾಲ್ ಆಡೋಕೆ ಹೋಗಿ ಕೆಳಹಂತದ ಲೀಗ್‌ನಲ್ಲಿ .202 ಸರಾಸರಿಗೆ ಒದ್ದಾಡಿದ. ಅವನಿಗಿಂತ ದೊಡ್ಡ ಅಥ್ಲೀಟ್ ಬೇಕಾ?

ಒಂದು ವಿನಾಯಿತಿ: ಹತ್ತಿರದ ಸಂಬಂಧಿ ಆಟಗಳು. ಐರ್ಲೆಂಡಿನ ಗೇಲಿಕ್ ಫುಟ್‌ಬಾಲಿನಿಂದ ಆಸ್ಟ್ರೇಲಿಯನ್ ಫುಟ್‌ಬಾಲಿಗೆ ಹೋದ ಜಿಮ್ ಸ್ಟೈನ್ಸ್ 1991ರಲ್ಲಿ ಅಲ್ಲಿನ ಅತ್ಯುನ್ನತ ಬ್ರೌನ್‌ಲೋ ಪದಕ ಗೆದ್ದ. ರಗ್ಬಿ ಲೀಗ್ ಆಡ್ತಿದ್ದ ಜೋರ್ಡನ್ ಮೈಲಾಟಾ ಅಮೆರಿಕನ್ ಫುಟ್‌ಬಾಲಿನ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿ ಅದರ ಫೈನಲ್ ಆದ ಸೂಪರ್‌ ಬೌಲ್ ಗೆದ್ದ. ಅವನ ಜಾಗ ಯಾವುದು ಗೊತ್ತಾ? ಚೆಂಡು ಮುಟ್ಟದೇ ಎದುರಾಳಿಯನ್ನು ತಡೆಯುವ ಜಾಗ. ದೇಹ ಮೊದಲು, ಕೌಶಲ ಆಮೇಲೆ, ಹರ್ಡಲ್ಸ್ ಅವರು ಹೇಳಿದ ಹಾಗೇ.

ಆಫ್‌ಸೈಡ್

ಇಷ್ಟು ಹೊತ್ತು ಹೆಚ್ಚುಕಡಿಮೆ ಗಂಡಸರ ಆಟದ ಮಾತೇ ಆಯ್ತು. ಮಹಿಳೆಯರ ಕಡೆ ನೋಡಿದರೆ "ಅತ್ಯುತ್ತಮರು ಫುಟ್‌ಬಾಲಿಗೇ ಹೋಗ್ತಾರೆ" ಅನ್ನೋ ಮಾತೇ ಅಲುಗಾಡುತ್ತೆ.

ಇಂಗ್ಲೆಂಡಿನ ಫುಟ್‌ಬಾಲ್ ಸಂಘ 1921ರಲ್ಲಿ ಮಹಿಳೆಯರಿಗೆ ತನ್ನ ಕ್ಲಬ್‌ಗಳ ಮೈದಾನ ಕೊಡಬಾರದು ಅಂತ ಹೇಳಿ ಅರ್ಧ ಶತಮಾನದ ಹತ್ತಿರ ಹಾಗೇ ಇಟ್ಟಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇಂಥದ್ದೇ ನಿಷೇಧ. ಬ್ರೆಜಿಲ್‌ನಲ್ಲಿ, ನೆನಪಿರಲಿ, ಬ್ರೆಜಿಲ್‌ನಲ್ಲಿ, 1941ರಿಂದ 1979ರವರೆಗೆ ಹೆಂಗಸರು ಫುಟ್‌ಬಾಲ್ ಆಡುವಂತಿರಲಿಲ್ಲ. ಅಷ್ಟೂ ವರ್ಷ ಅಲ್ಲಿ ಹುಟ್ಟಿದ ಒಳ್ಳೆಯ ಅಥ್ಲೀಟ್ ಹುಡುಗಿಯರು ಎಲ್ಲಿಗೆ ಹೋದರು? ಹೋಗೋಕೆ ಬಾಗಿಲಿದ್ದ ಕಡೆ ಹೋದರು, ಇಲ್ಲಾ ಎಲ್ಲಿಗೂ ಹೋಗಲಿಲ್ಲ.

ಅಮೆರಿಕದ್ದು ಇನ್ನೂ ಸ್ವಾರಸ್ಯ. 1972ರ ಟೈಟಲ್ ನೈನ್ ಕಾನೂನಿನಿಂದ ಕಾಲೇಜುಗಳು ಹುಡುಗಿಯರ ಕ್ರೀಡೆಗೂ ಜಾಗ, ವಿದ್ಯಾರ್ಥಿವೇತನ ಕೊಡಬೇಕಾಯ್ತು. ವೇಗವಾಗಿ ಓಡುವ ಹುಡುಗನನ್ನು ಅಲ್ಲಿ ಎನ್‌ಎಫ್‌ಎಲ್ ಕರೆಯುತ್ತೆ, ಹುಡುಗಿಯನ್ನು ಕರೆಯಲ್ಲ. ಹಾಗಾಗಿ ಅವಳು ಫುಟ್‌ಬಾಲಿಗೆ ಬಂದಳು. ಮಹಿಳಾ ತಂಡಕ್ಕೆ 1991, 1999, 2015, 2019, ನಾಲ್ಕು ವಿಶ್ವಕಪ್. ಅದೇ ದೇಶದ ಪುರುಷರು 1930ರ ಮೊದಲ ವಿಶ್ವಕಪ್ಪಿನ ಸೆಮಿಫೈನಲ್ ಬಿಟ್ಟರೆ 2002ರ ಕ್ವಾರ್ಟರ್ ಫೈನಲ್ ಆಚೆ ಹೋಗಿಲ್ಲ. ಒಂದೇ ದೇಶ, ಅವೇ ಮನೆಗಳು, ಅಣ್ಣ ಒಂದು ಕಡೆ ತಂಗಿ ಒಂದು ಕಡೆ.

ಎಡಗಾಲು

ಆಫ್‌ಸೈಡ್ ಅವರೇ, ಇದು ಬಲವಾದ ಉದಾಹರಣೆ. ಆದರೆ ಇದರಿಂದ ಹೊರಡುವ ಅರ್ಥ ನನ್ನ ಕಡೆಗೇ ಅಲ್ವಾ? ಅತ್ಯುತ್ತಮ ಅಥ್ಲೀಟ್‌ಗಳು ಸಿಕ್ಕ ಕಡೆ ಗೆಲುವು ಬಂತು, ಸಿಗದ ಕಡೆ ಬರಲಿಲ್ಲ.

ಆಫ್‌ಸೈಡ್

ಅರ್ಧ. ಆ ಗೆಲುವುಗಳ ಕಾಲದಲ್ಲಿ ಎದುರಾಳಿಗಳಲ್ಲಿ ಎಷ್ಟೋ ದೇಶಗಳು ತಡವಾಗಿ ಶುರು ಮಾಡಿದವು, ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಯುರೋಪಿನ ಕ್ಲಬ್‌ಗಳು ಹುಡುಗಿಯರಿಗೂ ಅಕಾಡೆಮಿ ತೆರೆದ ಮೇಲೆ ಏನಾಯ್ತು? 2023ರಲ್ಲಿ ಅಮೆರಿಕ ಸ್ವೀಡನ್ ಎದುರು ಪೆನಾಲ್ಟಿಯಲ್ಲಿ ಸೋತು ಕೊನೆಯ 16 ತಂಡಗಳ ಘಟ್ಟದಲ್ಲೇ ಹೊರಬಿತ್ತು. ಕಪ್ ಗೆದ್ದದ್ದು ಸ್ಪೇನ್. ದೇಹಬಲದಿಂದ ಗೆದ್ದ ತಂಡ ಅಂತ ಅದನ್ನು ಯಾರೂ ಕರೆಯಲ್ಲ. ಪಾಸ್, ಪಾಸ್, ಮತ್ತೆ ಪಾಸ್. ಸ್ಪರ್ಧೆ ತೆಳ್ಳಗಿದ್ದಾಗ ಅಥ್ಲೀಟ್ ಗೆದ್ದಳು, ದಟ್ಟವಾದಾಗ ಆಟಗಾರ್ತಿ ಗೆದ್ದಳು ಅಂತ ನನ್ನ ಓದು.

ಎರಡೂ ಆಗಿರೋರು ಇದ್ದಾರೆ ಬಿಡಿ. ಎಲಿಸ್ ಪೆರಿ ಆಸ್ಟ್ರೇಲಿಯಾಕ್ಕೆ ಕ್ರಿಕೆಟ್ ವಿಶ್ವಕಪ್ಪನ್ನೂ ಆಡಿದಳು, 2011ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಸ್ವೀಡನ್ ಎದುರು ಗೋಲನ್ನೂ ಹೊಡೆದಳು. ಕೊನೆಗೆ ಕ್ರಿಕೆಟ್ ಉಳಿಸಿಕೊಂಡಳು. ಎರಡೂ ಕ್ಯಾಲೆಂಡರ್ ಒಟ್ಟಿಗೆ ನಡೆಸೋ ಕಾಲ ಮುಗೀತು.

ಪೆಡಲ್

ಕೊನೆಗೆ ಉಳಿಸಿಕೊಂಡದ್ದು ಯಾವುದು ಅನ್ನೋದರಲ್ಲಿ ಮನೆಯ ಪಾತ್ರವೂ ಇದೆ. ರಾಫೆಲ್ ನಡಾಲ್ 12ರ ಹೊತ್ತಿಗೆ ಫುಟ್‌ಬಾಲು, ಟೆನಿಸ್ಸು ಎರಡರಲ್ಲೂ ಮುಂದಿದ್ದ. ಒಬ್ಬ ಚಿಕ್ಕಪ್ಪ ಮಿಗೆಲ್ ಏಂಜೆಲ್ ಬಾರ್ಸಿಲೋನಾ ಮತ್ತು ಸ್ಪೇನ್ ಪರ ಆಡಿದವ. ಇನ್ನೊಬ್ಬ ಚಿಕ್ಕಪ್ಪ ಟೋನಿ ಟೆನಿಸ್ ಕೋಚ್. ಟೆನಿಸ್ ಗೆದ್ದಿತು. ಇದರಲ್ಲಿ ಫುಟ್‌ಬಾಲ್ ಸೆಳೆತ ಎಷ್ಟು, ಚಿಕ್ಕಪ್ಪನ ಸೆಳೆತ ಎಷ್ಟು ಅಂತ ಯಾವ ತಕ್ಕಡಿಯಲ್ಲಿ ತೂಗೋದು?

ಹರ್ಡಲ್ಸ್

ಮಕ್ಕಳನ್ನು ಆರಿಸುವ ವಯಸ್ಸಿನ ಬಗ್ಗೆ ಒಂದು ಮಾತು ಸೇರಿಸಬೇಕು. ಫುಟ್‌ಬಾಲಿಗೆ ಮೊದಲ ಆಯ್ಕೆ ಸಿಗುತ್ತೆ ಅಂತ ಎಲ್ಲರೂ ಒಪ್ಪಿದ್ದೀರಿ. ಆ ಆಯ್ಕೆಯನ್ನು ಅದು ಹೇಗೆ ಬಳಸುತ್ತೆ ನೋಡಿ. ಅಕಾಡೆಮಿಗಳು ಎಂಟೊಂಬತ್ತು ವರ್ಷಕ್ಕೇ ಮಕ್ಕಳನ್ನು ಆರಿಸ್ತವೆ. ಆ ವಯಸ್ಸಿನಲ್ಲಿ ಹತ್ತು ತಿಂಗಳ ಅಂತರ ಅಂದರೆ ದೊಡ್ಡ ಅಂತರ. ಆಯ್ಕೆ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕಿರಿಯರ ತಂಡಗಳಲ್ಲಿ ತುಂಬಿರ್ತಾರೆ, ಕೊನೆಯ ಮೂರು ತಿಂಗಳವರು ವಿರಳ. ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಇದನ್ನು ಗುರುತಿಸಿದರು, ಆಮೇಲೆ ಫುಟ್‌ಬಾಲಿನಲ್ಲೂ ಮತ್ತೆ ಮತ್ತೆ ಕಂಡಿತು.

ಹ್ಯಾರಿ ಕೇನ್‌ನನ್ನು ಆರ್ಸೆನಲ್ ಎಳೆಯ ವಯಸ್ಸಿನಲ್ಲೇ ಬಿಟ್ಟುಕೊಟ್ಟಿತು. ಆಂಟೊಯಿನ್ ಗ್ರೀಝ್‌ಮನ್ ಕುಳ್ಳ ಅಂತ ಫ್ರಾನ್ಸಿನ ಕ್ಲಬ್‌ಗಳು ಬೇಡ ಅಂದವು, ಹುಡುಗ ಗಡಿ ದಾಟಿ ಸ್ಪೇನಿನ ರಿಯಲ್ ಸೊಸಿಯೆಡಾಡ್‌ಗೆ ಹೋದ, 2018ರಲ್ಲಿ ಅದೇ ಫ್ರಾನ್ಸಿಗೆ ವಿಶ್ವಕಪ್ ಗೆದ್ದುಕೊಟ್ಟ. ಜೇಮಿ ವಾರ್ಡಿ 16ಕ್ಕೆ ಹೊರಬಿದ್ದು, 2012ರವರೆಗೂ ವೃತ್ತಿಪರ ಲೀಗ್‌ಗಳ ಕೆಳಗೇ ಆಡಿ, 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಎತ್ತಿದ. ಇವರು ಹಠಕ್ಕೆ ಬಿದ್ದು ಮರಳಿ ಬಂದವರು, ಹಾಗಾಗಿ ಹೆಸರು ಗೊತ್ತು. ಬಾರದೇ ಹೋದ ಡಿಸೆಂಬರ್ ಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ. ಅವರಲ್ಲಿ ಕೆಲವರಾದರೂ ನನ್ನಂಥವರ ಟ್ರ್ಯಾಕ್‌ಗೆ ಬರ್ತಾರೆ. ನಮಗೆ ಲಾಭ, ದೂರಿಲ್ಲ!

ಮೂರನೇ ಸ್ಲಿಪ್

ಐಸ್‌ಲ್ಯಾಂಡ್ ಬಗ್ಗೆಯೂ ಹೇಳಿಬಿಡ್ತೀನಿ. 2016ರ ಯೂರೊ ಕಪ್ ಫುಟ್‌ಬಾಲಿನಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿದಾಗ ಅಲ್ಲಿನ ಜನಸಂಖ್ಯೆ ಸುಮಾರು 3.3 ಲಕ್ಷ. ಅಷ್ಟೇ ಜನರಿಂದ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹ್ಯಾಂಡ್‌ಬಾಲ್ ಬೆಳ್ಳಿ ಕೂಡ ಬಂದಿತ್ತು. ಕ್ರೊಯೇಷಿಯಾ, ಸುಮಾರು 40 ಲಕ್ಷ ಜನ: 2018ರ ಫುಟ್‌ಬಾಲ್ ಫೈನಲ್, 2022ರಲ್ಲಿ ಮೂರನೇ ಸ್ಥಾನ, ಹ್ಯಾಂಡ್‌ಬಾಲ್‌ನಲ್ಲಿ 1996 ಮತ್ತು 2004ರ ಒಲಿಂಪಿಕ್ ಚಿನ್ನ, ವಾಟರ್ ಪೋಲೊದಲ್ಲಿ 2012ರ ಚಿನ್ನ, ಇವಾನಿಸೆವಿಚ್‌ನ ವಿಂಬಲ್ಡನ್ ಬೇರೆ.

ಒಂದು ಆಟ ಅತ್ಯುತ್ತಮರನ್ನು ಹೀರಿಕೊಂಡರೆ ಇನ್ನೊಂದು ಒಣಗಬೇಕು ಅಲ್ವಾ? ಇಷ್ಟು ಸಣ್ಣ ಬಾವಿಗಳಲ್ಲೂ ಒಣಗಿಲ್ಲ. ಐಸ್‌ಲ್ಯಾಂಡಿನವರು ಮಾಡಿದ್ದು ಒಳಾಂಗಣ ಮೈದಾನ ಕಟ್ಟಿದ್ದು, ಎಳೆ ಮಕ್ಕಳಿಗೂ ಪರವಾನಗಿ ಪಡೆದ ಕೋಚ್‌ಗಳನ್ನು ಕೊಟ್ಟದ್ದು. ಕೊರತೆ ಇರೋದು ದೇಹಗಳದ್ದಲ್ಲ.

ಬೆಂಚ್ ಆಟಗಾರ

ಇಷ್ಟೆಲ್ಲ ಯಾಕೆ, ಎಲ್ಲರನ್ನೂ ಒಂದೇ ಮೈದಾನಕ್ಕೆ ಇಳಿಸಿ ಹತ್ತು ಸ್ಪರ್ಧೆ ಇಟ್ಟರೆ ಆಯ್ತಲ್ಲ?

ಹರ್ಡಲ್ಸ್

ಇಟ್ಟಿದ್ದಾರೆ! 1970ರ ದಶಕದಲ್ಲಿ ಟಿವಿಗಾಗಿ ಬೇರೆ ಬೇರೆ ಆಟಗಳ ತಾರೆಯರನ್ನು ಸೇರಿಸಿ ಓಟ, ಈಜು, ಸೈಕಲ್ಲು, ಭಾರ ಎತ್ತುವುದು ಅಂತೆಲ್ಲ ಸ್ಪರ್ಧೆ ನಡೆಸಿದರು. ಅಮೆರಿಕದಲ್ಲಿ 1973ರ ಮೊದಲ ಸಲ ಗೆದ್ದದ್ದು ಪೋಲ್‌ವಾಲ್ಟ್‌ನ ಬಾಬ್ ಸೀಗ್ರನ್. ಬಾಕ್ಸಿಂಗ್ ದೈತ್ಯ ಜೋ ಫ್ರೇಜಿಯರ್ ಈಜು ಬಾರದೇ ಕೊಳಕ್ಕಿಳಿದು ಮುಳುಗೋದೊಂದು ಬಾಕಿ. ಬ್ರಿಟನ್ನಿನಲ್ಲಿ ಮೊದಲು ಗೆದ್ದದ್ದು ಡೇವಿಡ್ ಹೆಮರಿ, 1968ರ ಒಲಿಂಪಿಕ್ ಹರ್ಡಲ್ಸ್ ಚಿನ್ನದವ (ನನ್ನ ಹೆಸರಿನ ಗೌರವ ಉಳೀತು). ಫುಟ್‌ಬಾಲಿನ ಕೆವಿನ್ ಕೀಗನ್ ಸೈಕಲ್‌ನಿಂದ ಬಿದ್ದು ಬೆನ್ನು ತರಚಿಕೊಂಡ, ಆದರೂ ಮತ್ತೆ ಸ್ಪರ್ಧೆಗಿಳಿದ. ಛಲಕ್ಕೆ ಪೂರ್ತಿ ಅಂಕ.

ಎಡಗಾಲು

ಸರಿ, ಒಂದು ಕೊನೆಯ ಪ್ರಶ್ನೆ. ಮೊದಲ ಆಯ್ಕೆ ಫುಟ್‌ಬಾಲಿಗೆ ಅನ್ನೋದನ್ನ ನಾನು ಬಿಡಲ್ಲ. ಜರಡಿ ಬೇರೆ ಥರದ್ದು ಅಂತ ನೀವು ಬಿಡಲ್ಲ. ಹಾಗಾದರೆ ಬೇರೆ ಆಟಗಳಿಗೆ ಹೋದ ದೇಹಗಳಿಂದ ಫುಟ್‌ಬಾಲಿಗೆ ನಿಜವಾಗಿ ನಷ್ಟ ಆಗಿರೋ ಜಾಗ ಒಂದೂ ಇಲ್ವಾ?

ರೀಬೌಂಡ್

ಇದೆ. ಗೋಲ್‌ಪೋಸ್ಟ್ ನಡುವೆ.

ಗೋಲ್‌ಕೀಪರ್‌ಗೆ ಬೇಕಾದ್ದು ಎತ್ತರ, ಉದ್ದನೆ ತೋಳು, ನೆಗೆತ, ಕೈ-ಕಣ್ಣಿನ ಹೊಂದಾಣಿಕೆ. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಹ್ಯಾಂಡ್‌ಬಾಲ್ ಹುಡುಕೋದೂ ಅದನ್ನೇ. ಡೆನ್ಮಾರ್ಕಿನ ಗೋಲ್‌ಕೀಪರ್ ಪೀಟರ್ ಷ್ಮೈಕೆಲ್ ಚಿಕ್ಕಂದಿನಲ್ಲಿ ಹ್ಯಾಂಡ್‌ಬಾಲ್ ಆಡ್ತಿದ್ದ, ಕೈಕಾಲು ನಾಲ್ಕೂ ಚಾಚಿ ನಕ್ಷತ್ರದ ಹಾಗೆ ಹಾರುವ ಅವನ ಸೇವ್ ಅಲ್ಲಿಂದಲೇ ಬಂದದ್ದು. ಚೆಲ್ಸಿಯ ಕೀಪರ್ ಆಗಿದ್ದ ಪೀಟರ್ ಚೆಕ್ ಫುಟ್‌ಬಾಲ್ ಬಿಟ್ಟ ಮೇಲೆ 2019ರಲ್ಲಿ ಇಂಗ್ಲೆಂಡಿನ ಒಂದು ಐಸ್ ಹಾಕಿ ತಂಡಕ್ಕೆ ಗೋಲ್‌ಕೀಪರ್ ಆಗಿ ನಿಂತ. ಧೋನಿ ಶಾಲೆಯ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವನು ವಿಕೆಟ್‌ಕೀಪರ್ ಆದ. ಒಲಾಜುವಾನ್ ಕಥೆ ಮೇಲೆ ಹೇಳಿದ್ದೀನಿ. ಆ ಜಾಗದ ಸುತ್ತ ಮಾತ್ರ ಗಡಿ ತೆರೆದಿದೆ, ಎರಡೂ ಕಡೆಗೆ.

ಈಗ ಅಮೆರಿಕದ ಪುರುಷರ ಫುಟ್‌ಬಾಲ್ ನೋಡಿ. ಮೊದಮೊದಲು ಯುರೋಪ್ ಕೈಚಾಚಿ ಕರೆದದ್ದು ಅವರ ಸ್ಟ್ರೈಕರ್‌ಗಳನ್ನಲ್ಲ. ಕೇಸಿ ಕೆಲ್ಲರ್, ಬ್ರಾಡ್ ಫ್ರೀಡಲ್, ಟಿಮ್ ಹೋವರ್ಡ್, ಎಲ್ಲರೂ ಕೀಪರ್‌ಗಳೇ. ಫ್ರೀಡಲ್ ಪ್ರೀಮಿಯರ್ ಲೀಗಿನಲ್ಲಿ ಒಂದೂ ತಪ್ಪದೆ ಸತತ 310 ಪಂದ್ಯ ಶುರು ಮಾಡಿದ ದಾಖಲೆ ಇಟ್ಟವ. ಹೋವರ್ಡ್ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವ. ಕೈಯಲ್ಲಿ ಚೆಂಡು ಹಿಡಿದು ಬೆಳೆದ ದೇಶ, ಕೈ ಬಳಸಬಹುದಾದ ಒಂದೇ ಜಾಗಕ್ಕೆ ಆಟಗಾರರನ್ನು ಕಳಿಸಿತು.

ಎಡಗಾಲು

ಇದು ಹೊಳೆದಿರಲಿಲ್ಲ. ಹಾಗಾದರೆ ಲೆಬ್ರಾನ್‌ನನ್ನು ಗೋಲಿನಲ್ಲಿ ನಿಲ್ಲಿಸಬಹುದಿತ್ತು ಅಂತೀರಾ?

ರೀಬೌಂಡ್

ಹನ್ನೆರಡನೇ ವಯಸ್ಸಿನಿಂದ ನಿಲ್ಲಿಸಿದ್ದರೆ ಯೋಚಿಸಬಹುದಿತ್ತು. ಆದರೆ ಈಗಿನ ಕೋಚ್‌ಗಳು ಕೀಪರ್‌ಗೂ ಎರಡೂ ಕಾಲಲ್ಲಿ ಪಾಸ್ ಕೊಡೋಕೆ ಹೇಳ್ತಾರೆ, ಅಲ್ಲಿ ಮತ್ತೆ ಸಿಕ್ಕಿಹಾಕ್ಕೊಳ್ತಿದ್ದ.